ಒಪ್ಪಿದ ಸೀಸ

ಎಪ್ಪತ್ತರ ದಶಕದಲ್ಲಿ ನಾನು ವೈಟ್‌ಫೀಲ್ಡಿನ ಹಳೆಯ ಬಂಗಲೆಯೊಂದರ ಮೂಲೆ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಾಡಿನ ಮೇಲೆ ಹೊಗೆಗೂಡಿನ ಬುಡಕ್ಕೆ ಸುತ್ತಿದ್ದ ಸೀಸದ ತಗಡು ಬಿಸಿಲು ಮಳೆಗೆ ಬಿರುಕು ಬಿಟ್ಟು, ಬಾಗಿಲ ಪಕ್ಕದ ಗೋಡೆಗೆ ನೀರು ಇಳಿಯುತ್ತಿತ್ತು. ನಮ್ಮ ವಂಶದಲ್ಲೇ ಮೊದಲ ಬಿ.ಎಸ್ಸಿ. ನನ್ನದು. ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿದ್ದೆ. ಗೋಡೆ ಒದ್ದೆಯೆಂದು ಅದು ಟ್ರಂಕಿನಲ್ಲೇ ಉಳಿದಿತ್ತು. ಅದನ್ನು ನೋಡಲು ಆನೇಕಲ್ ಕಡೆಯಿಂದ ಅವ್ವ ಬರುವವಳಿದ್ದಳು.

ರಿಪೇರಿಗೆ ಬಂದ ಮೇಸ್ತ್ರಿಗೆ ಇದನ್ನು ಹೇಳಿದೆ. ಆತ ಗೋಡೆಯ ಖಾಲಿ ಮೊಳೆಯನ್ನು ನೋಡಿ ಏಣಿ ಹತ್ತಿದ. ಬಿರುಕಿಗೆ ತೇಪೆ ಬೆಸೆದು, ಮರದ ಸುತ್ತಿಗೆಯಿಂದ ತಗಡನ್ನು ಹೆಂಚಿನ ಏರಿಳಿತಕ್ಕೆ ಮೆಲ್ಲಗೆ ತಟ್ಟಿ ಕೂರಿಸತೊಡಗಿದ.

"ಜೋರಾಗಿ ಬಡೀರಿ, ಬೇಗ ಆಗುತ್ತೆ" ಎಂದೆ ಕೆಳಗಿನಿಂದ.

"ಸೀಸಾನ ಹೊಡೀಬಾರ್ದು ಸಾರ್, ಒಪ್ಪಿಸ್ಬೇಕು."

ಆತ ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಅದು. ಕೊನೆಗೆ ತಗಡಿಗೆ ಅಗಸೆ ಎಣ್ಣೆ ಸವರಿದ, ಹಸುಗೂಸಿಗೆ ಹಚ್ಚುವ ಹಾಗೆ.

ಅವ್ವ ಬಂದ ದಿನವೇ ದೊಡ್ಡ ಮಳೆ. ಸರ್ಟಿಫಿಕೇಟಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನೇತುಹಾಕಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತಿದ್ದ.

"ಒಳೀಕೆ ಬಾರಪ್ಪ, ಯಾಕಂಗೆ ನಿಂತೆ?" ಎಂದಳು ಅವ್ವ.

"ಬ್ಯಾಡ್ರಮ್ಮ. ನೀರು ಒಳೀಕೆ ಬರಬಾರ್ದು ಅಂತ ತಾನೆ ನಾನು ಕೆಲ್ಸ ಮಾಡಿದ್ದು."

ಅವ್ವ ನಕ್ಕು ಟವೆಲು ಕೊಟ್ಟಳು. ಆತ ತಲೆ ಒರೆಸಿಕೊಳ್ಳಲಿಲ್ಲ. ಬಲಗೈಯನ್ನಷ್ಟೇ ಒರೆಸಿ, ಹೊಸ್ತಿಲಿಂದಲೇ ಬಾಗಿ, ಮೊಳೆಯ ಕೆಳಗೆ ಗೋಡೆಗೆ ಅಂಗೈ ಊರಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ.

"ಒಪ್ಕೊಂಡಿದೆ ಸಾರ್" ಎಂದ. "ನೇತಾಕಿ."