ಅವ್ವ ಮಲಗಿಕೊಂಡೇ ಮನೆ ಖಾಲಿ ಮಾಡಿಸಿದ ವರ್ಷ

ಆ ದಿನಗಳಲ್ಲಿ ಹರಿಹರದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಅಡಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಶಾಲೆಗೆ ಹೊರಟು ಹತ್ತು ಹೆಜ್ಜೆ ಹಾಕುವುದರೊಳಗೆ ಒಂದು ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆ, ಇನ್ನೊಂದು ಮನೆಯಿಂದ ಹೆಂಚಿನ ಮೇಲೆ ಬೇಯುತ್ತಿರುವ ರೊಟ್ಟಿ, ಮೂಲೆಮನೆಯಿಂದ ಶೇಂಗಾ ಹುರಿಯುವ ವಾಸನೆ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಹೊಳೆಯ ಕಡೆಯಿಂದ ಗಾಳಿ ತಿರುಗಿದರೆ ಇವೆಲ್ಲದರ ಮೇಲೆ ಒದ್ದೆ ಮರಳಿನ ವಾಸನೆ. ನಾನಾಗ ಆರನೇ ಕ್ಲಾಸು, ತಂಗಿ ರೂಪಾ ಮೂರನೇ ಕ್ಲಾಸು. ಅಪ್ಪ ಊರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅವ್ವ ಮಾತ್ರ ಒಂದು ಕಡೆ ನಿಂತವಳೇ ಅಲ್ಲ. ಅಡಿಗೆಮನೆಯಲ್ಲಿದ್ದಾಳೆ ಅಂದುಕೊಂಡರೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿರುತ್ತಿದ್ದಳು, ಹಿತ್ತಲಿಗೆ ಹೋದರೆ ಪಕ್ಕದ ಮನೆಯ ಮೆಹರಕ್ಕನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿರುತ್ತಿದ್ದಳು.

ಆ ಅವ್ವ ಒಂದು ದಿನ ನಲ್ಲಿಯ ಹತ್ತಿರ ಕೊಡ ಎತ್ತಲು ಬಗ್ಗಿದವಳು ಹಾಗೆಯೇ ಕುಳಿತುಬಿಟ್ಟಳು. ಬೆನ್ನು ನೋವು ಎಂದು ಎಷ್ಟೋ ತಿಂಗಳಿಂದ ನಡುವಿಗೆ ಹಳೆ ಸೀರೆಯ ಪಟ್ಟಿ ಬಿಗಿದುಕೊಂಡೇ ಕೆಲಸ ಮಾಡುತ್ತಿದ್ದಳಂತೆ. ನಮಗ್ಯಾರಿಗೂ ಹೇಳಿರಲಿಲ್ಲ. ಆವತ್ತು ಎಡಗಾಲು ಜೋಮು ಹಿಡಿದು, ಎಬ್ಬಿಸಿದರೂ ಏಳಲಾಗಲಿಲ್ಲ. ದಾವಣಗೆರೆಯ ದೊಡ್ಡ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ಹೇಳಿದರು: "ಬೆನ್ನುಮೂಳೆಗೆ ಟಿ.ಬಿ. ಆಗೈತೆ. ಹೆದರಬ್ಯಾಡ್ರಿ, ಇದು ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಗುಳಿಗೆ ತಪ್ಪಿಸಬಾರದು, ವಾಸಿ ಆಗುತ್ತೆ. ಆದ್ರೆ ಮೂಳೆ ಗಟ್ಟಿ ಆಗೋ ತನಕ ಹಲಗೆ ಮೇಲೆ ಅಂಗಾತ ಮಲಗಬೇಕು. ಎದ್ದು ಕೂತ್ರೆ ಕಾಲು ಹೋಗಬಹುದು."

ಅಪ್ಪ ಪಡಸಾಲೆಯ ಮಂಚದ ಮೇಲೆ ಉದ್ದನೆಯ ದಪ್ಪ ಹಲಗೆ ಹಾಸಿ, ಅದರ ಮೇಲೆ ತೆಳು ಹಾಸಿಗೆ ಹಾಕಿದ. ಅವ್ವ ಅಲ್ಲಿ ಮಲಗಿದಳು. ಭಾನುವಳ್ಳಿಯಿಂದ ಅಜ್ಜಿ, ಅಂದರೆ ಅವ್ವನ ಅವ್ವ, ಒಂದು ಗಂಟು ಬಟ್ಟೆ ತಂದು ನಮ್ಮ ಮನೆಯಲ್ಲೇ ಉಳಿದಳು. ಟಿ.ಬಿ. ಎಂಬ ಎರಡಕ್ಷರ ಕೇಳಿ ಕೆಲವು ನೆಂಟರು ಹೊಸ್ತಿಲಾಚೆಯೇ ನಿಂತು ಮಾತಾಡಿಸಿ ಹೋದರು. ಮೆಹರಕ್ಕ ಮಾತ್ರ ಮೊದಲ ದಿನವೇ ಬಂದು ಮಂಚದ ಅಂಚಿಗೆ ಕುಳಿತು ಅವ್ವನ ತಲೆ ಬಾಚಿ ಜಡೆ ಹಾಕಿದಳು.

ಅವ್ವನಿಗೆ ನೋವಿಗಿಂತ ದೊಡ್ಡ ಸಂಕಟವೆಂದರೆ ಅಡಿಗೆಮನೆ ಕಾಣದಿರುವುದು. "ಅದೇನೋ ಸೀದ ವಾಸನೆ! ಅವ್ವಾ, ಹಾಲು ನೋಡು!" ಎಂದು ಮಲಗಿದಲ್ಲಿಂದಲೇ ಕೂಗುತ್ತಿದ್ದಳು. ಅಪ್ಪ ಒಂದು ಭಾನುವಾರ, ಮದುವೆಗೆ ಉಡುಗೊರೆ ಬಂದಿದ್ದ ದೊಡ್ಡ ಕನ್ನಡಿಯನ್ನು ಹಗ್ಗ ಕಟ್ಟಿ ಜಂತಿಗೆ ಓರೆಯಾಗಿ ತೂಗುಹಾಕಿದ. ಮಂಚದಿಂದ ನೋಡಿದರೆ ಒಲೆಯೂ ಪಾತ್ರೆಯ ಸಾಲೂ ಅದರಲ್ಲಿ ಕಾಣುತ್ತಿದ್ದವು. ಅಂದಿನಿಂದ ಅಜ್ಜಿಗೆ ನೆಮ್ಮದಿ ಹೋಯಿತು. "ಸಾರಿಗೆ ಮುಚ್ಚಳ ಹಾಕು", "ಉಪ್ಪು ಎರಡನೇ ಸಲ ಹಾಕಿದಿ ನೋಡು" ಎಂದು ಅವ್ವ ಕನ್ನಡಿಯಿಂದಲೇ ಸಂಸಾರ ನಡೆಸಿದಳು. ಕನ್ನಡಿಯಲ್ಲಿ ಎಡವೆಲ್ಲ ಬಲ, ಬಲವೆಲ್ಲ ಎಡ. ಎಡಗಡೆ ಡಬ್ಬಿ ತಾ ಎಂದರೆ ನಾನು ಮೆಣಸಿನಪುಡಿ ತಂದು ನಿಲ್ಲುತ್ತಿದ್ದೆ. "ಅದಲ್ಲೇ ಹುಡುಗಿ, ನನ್ನ ಎಡಗಡೆ!" ಅನ್ನುತ್ತಿದ್ದಳು. ಯಾರ ಎಡಗಡೆ ಎಂದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಸಂಜೆ ಮಂಚದ ಪಕ್ಕಕ್ಕೆ ಸ್ಟೂಲು ಎಳೆದು, ಅದರ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಆಡುತ್ತಿದ್ದೆವು. ಕವಡೆಯ ಬದಲು ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜ. ಅವ್ವ ಮಲಗಿಕೊಂಡೇ ಬೀಜ ಎಸೆದು, ನಮಗೆ ಕಾಣುವ ಮೊದಲೇ "ನಾಲ್ಕು ಬಿತ್ತು" ಎಂದು ಕಾಯಿ ನಡೆಸಿಬಿಡುತ್ತಿದ್ದಳು. ರೂಪಾ ಅಳುತ್ತಿದ್ದಳು. ಅವ್ವ ನಗುತ್ತಿದ್ದಳು. ಆಮೇಲೆ ಅಪ್ಪ ಬಂದು, ಕೈಕಾಲು ತೊಳೆದು, ಡಾಕ್ಟರು ಹೇಳಿಕೊಟ್ಟಂತೆ ಅವ್ವನ ಅಂಗಾಲಿನ ಮೇಲೆ ಬೀಗದ ಕೈಯಿಂದ ಗೀರೆಳೆಯುತ್ತಿದ್ದ. ಕಾಲಿಗೆ ಸ್ಪರ್ಶ ಇದೆಯೋ ಇಲ್ಲವೋ ನೋಡಲು. ಎಡಗಾಲಿನ ಬೆರಳು ಮಡಚಿಕೊಂಡರೆ ಅವನ ಮುಖ ಸಡಿಲವಾಗುತ್ತಿತ್ತು. ಅಲ್ಲಿಯವರೆಗೆ ನಾವಿಬ್ಬರೂ ಉಸಿರು ಹಿಡಿದು ನಿಂತಿರುತ್ತಿದ್ದೆವು.

ಹದಿನೈದು ದಿನಕ್ಕೊಮ್ಮೆ ದಾವಣಗೆರೆಗೆ ತೋರಿಸಲು ಹೋಗಬೇಕಿತ್ತು. ಸೀಟು ತೆಗೆದ ಮೆಟಾಡೋರಿನಲ್ಲಿ ಹಲಗೆ ಸಮೇತ ಅವ್ವನನ್ನು ಮಲಗಿಸಿಕೊಂಡು ಹೋಗಿ ಬರುವಷ್ಟರಲ್ಲಿ ರಸ್ತೆಯ ಒಂದೊಂದು ಕುಳಿಯೂ ಅವಳ ಮುಖದಲ್ಲಿ ಕಾಣುತ್ತಿತ್ತು. ಎರಡು ತಿಂಗಳಾದ ಮೇಲೆ ಅಪ್ಪ ಒಂದು ಸಂಜೆ ಹೇಳಿದ, "ದಾವಣಗೆರೆಯಾಗೆ ಆಸ್ಪತ್ರೆ ಹತ್ರಾನೇ ಮನೆ ನೋಡೀನಿ. ಮೆಟ್ಟಿಲಿಲ್ಲ, ಬಚ್ಚಲು ಒಳಗೇ ಐತೆ. ನಾನು ದಿನಾ ರೈಲಿಗೆ ಓಡಾಡ್ತೀನಿ. ನೀನು ಓಡಾಡೋದು ಬ್ಯಾಡ."

ಅವ್ವನ ಕಣ್ಣು ಕನ್ನಡಿಯಲ್ಲಿದ್ದ ಒಲೆಯ ಕಡೆ ಹೋಯಿತು. "ಮಲಗಿದೋಳನ್ನ ಹೊತ್ಕೊಂಡು ಯಾರಾದ್ರೂ ಮನೆ ಬದಲಾಯಿಸ್ತಾರೇನ್ರಿ?" ಎಂದಳು.

"ನಾವು ಬದಲಾಯಿಸೋಣ."

"ಹಂಗಾದ್ರೆ ಸಾಮಾನು ನಾನು ಹೇಳಿದಂಗೇ ಕಟ್ಟಬೇಕು. ನಿಮ್ಮವ್ವ ಸಾಯೋ ತನಕ ಜೋಪಾನ ಮಾಡಿದ ಹಂಡೆ ಅದಾವೆ. ಒಂದಕ್ಕೂ ತಗ್ಗು ಬೀಳಬಾರದು."

ಆ ತಿಂಗಳಲ್ಲಿ ನಾನು ಕಲಿತಷ್ಟನ್ನು ಶಾಲೆಯಲ್ಲಿ ಯಾವ ವರ್ಷವೂ ಕಲಿಯಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋಗುತ್ತಿದ್ದಳು. ಅಟ್ಟದ ಮೇಲೆ, ಹಳೆ ತೊಟ್ಟಿಲ ಒಳಗೆ, ಹಿತ್ತಾಳೆ ಚೊಂಬು ಮೂರು. ಮೂರನೇ ಗೂಡಿನಲ್ಲಿ ಬೆಲ್ಲದ ಡಬ್ಬಿಯ ಹಿಂದೆ ಶಾವಿಗೆ ಮಣೆ. ನಾನು ಹತ್ತಿ ನೋಡಿದರೆ ಎಲ್ಲ ಹೇಳಿದಲ್ಲೇ ಇರುತ್ತಿದ್ದವು. ಗಾಜಿನ ಲೋಟಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಅಕ್ಕಿಯ ಡಬ್ಬದೊಳಗೆ ಹುದುಗಿಸುವುದು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಎರಡು ಪದರ ಬಟ್ಟೆ ಬಿಗಿಯುವುದು, ಚೀಲದ ಮೇಲೆ ಇದ್ದಿಲಿನಿಂದ ಹೆಸರು ಬರೆಯುವುದು ಎಲ್ಲ ನನ್ನ ಪಾಲಿಗೆ. ರೂಪಾ ಒಂದು ಚೀಲದ ಮೇಲೆ "ಇದರಲ್ಲಿ ಏನಿದೆ ಗೊತ್ತಿಲ್ಲ" ಎಂದು ಬರೆದಿಟ್ಟಿದ್ದಳು. ಹಿತ್ತಲಿನ ಒರಳುಕಲ್ಲನ್ನು ಮೆಹರಕ್ಕನಿಗೆ ಕೊಡುವುದೆಂದಾಯಿತು. ಅವಳು ಬೇಡವೆಂದಳು, ಅವ್ವ ಬಿಡಲಿಲ್ಲ. ಇಬ್ಬರೂ ಒಂದು ಇಡೀ ಮಧ್ಯಾಹ್ನ ಆ ಕಲ್ಲಿಗಾಗಿ ಪ್ರೀತಿಯಿಂದ ಜಗಳವಾಡಿದರು.

ಹೊರಡಲು ಇನ್ನು ನಾಲ್ಕು ದಿನವಿತ್ತು. ಅಜ್ಜಿ ಮೊಸರು ತರಲೆಂದು ಬೆಳಿಗ್ಗೆಯ ಬಸ್ಸಿಗೆ ಭಾನುವಳ್ಳಿಗೆ ಹೋಗಿದ್ದಳು. ಅಪ್ಪ ಕೆಲಸದಲ್ಲಿದ್ದ, ರೂಪಾ ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದಳು. ಅವ್ವ ನನ್ನನ್ನು ಹತ್ತಿರ ಕರೆದಳು.

"ಸುಮಾ, ಬಾಗಿಲು ಮುಂದೆ ಮಾಡಿ ಬಾ. ನನ್ನ ಭುಜ ಹಿಡಿದು ಎಬ್ಬಿಸು."

ನಾನು ಅಲುಗಾಡಲಿಲ್ಲ.

"ಬರೇ ಒಂದ್ಸಲ. ಹದಿಮೂರು ವರ್ಷ ಈ ಮನ್ಯಾಗೆ ಬಾಳೇವು ಮಾಡೀನಿ. ನೀವಿಬ್ರೂ ಹುಟ್ಟಿದ್ದು ಇಲ್ಲೇ. ಅಡಿಗೆಮನಿ, ಹಿತ್ತಲು ಒಂದ್ಸಲ ನೋಡಿ ಬಂದುಬಿಡ್ತೀನಿ. ಗೋಡೆ ಹಿಡ್ಕೊಂಡು ಹೋಗ್ತೀನಿ. ಅಪ್ಪಂಗೆ ಹೇಳಬ್ಯಾಡ."

"ಡಾಕ್ಟ್ರು ಬ್ಯಾಡ ಅಂದಾರವ್ವ."

"ಡಾಕ್ಟ್ರಿಗೆ ಏನ್ ಗೊತ್ತು?" ಎನ್ನುತ್ತ ಅವ್ವ ಮೊಣಕೈ ಊರಿದಳು. ಅವಳ ಕತ್ತು ಮೇಲೆದ್ದಿತು. ನನಗೆ ಏನಾಯಿತೋ, ಎರಡೂ ಕೈಯಿಂದ ಅವಳ ಭುಜ ಒತ್ತಿ ಹಿಡಿದು ಹಲಗೆಗೆ ಅಂಟಿಸಿಬಿಟ್ಟೆ. ಹುಟ್ಟಿದಾಗಿನಿಂದ ಅವ್ವನ ಮೈಮೇಲೆ ನಾನು ಬಲ ತೋರಿಸಿದ್ದು ಅದೇ ಮೊದಲು. ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅತ್ತದ್ದು ಕೇಳಿಸಲಿಲ್ಲ, ಕಿವಿಯ ಹತ್ತಿರ ದಿಂಬು ಒದ್ದೆಯಾಗುವುದು ಮಾತ್ರ ಕಂಡಿತು.

ನಾನು ಓಡಿದೆ. ಮೆಹರಕ್ಕ ಹಿಟ್ಟು ಕಲಸುತ್ತಿದ್ದಳು. ಬಿಕ್ಕುತ್ತ ಹೇಳಿದ್ದನ್ನೆಲ್ಲ ಕೇಳಿ, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅವ್ವನ ಮುಂದೆ ನಿಂತಳು.

"ಎದ್ದೇಳೋದು ಯಾಕ ಬೇಕು ನಿಂಗೆ? ನೋಡೋದು ತಾನೇ ಬೇಕು? ಮಲಗಿದ್ದಂಗೇ ನೋಡು."

ಹತ್ತು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿದ್ದರು. ಮಂಚ ಎತ್ತಿದರೆ ಅಡಿಗೆಮನೆಯ ಬಾಗಿಲಲ್ಲಿ ಹಿಡಿಯುವುದಿಲ್ಲ ಎಂದು ಮೂಲೆಮನೆಯ ಗಂಗಕ್ಕ ಗೇಣು ಹಾಕಿ ಅಳೆದು ಹೇಳಿದಳು. ಹಾಗಾದರೆ ಹಲಗೆಯನ್ನೇ ಎತ್ತುವುದು. ಅವ್ವನ ಎದೆಗೊಂದು, ಮೊಣಕಾಲಿಗೊಂದು ಮೆತ್ತನೆ ಸೀರೆ ಸುತ್ತಿ ಹಲಗೆಗೆ ಕಟ್ಟಿದರು. ತಲೆಯ ಕಡೆ ಮೂವರು, ಕಾಲಿನ ಕಡೆ ಮೂವರು. "ಓರೆ ಆಗಬಾರದು, ತುಂಬಿದ ತಟ್ಟೆ ಹಿಡಿದಂಗೆ ಹಿಡೀರಿ" ಎಂದು ಮೆಹರಕ್ಕ ಹೇಳಿದಳು. ನಾನು ಮುಂದೆ ಮುಂದೆ ದಾರಿ ಬಿಡಿಸುತ್ತ ಹೋದೆ. "ಬರ್ರಿ ಬರ್ರಿ, ಅಡ್ಡಪಲ್ಲಕ್ಕಿ ಬಂತು!" ಎಂದು ಗಂಗಕ್ಕ ಅಂದದ್ದೇ ತಡ, ಅವ್ವ ನಕ್ಕಳು. "ನಗಬ್ಯಾಡ, ಹಲಗೆ ಅಲ್ಲಾಡ್ತೈತಿ" ಎಂದು ಎಲ್ಲರೂ ನಕ್ಕರು.

ಅಡಿಗೆಮನೆಯಲ್ಲಿ ಅವ್ವನಿಗೆ ಕಂಡದ್ದು ಮಾಡು ಮಾತ್ರ. "ಅಯ್ಯಯ್ಯ, ಜಂತಿಗೆ ಇಷ್ಟು ಮಸಿ ಹಿಡಿದೈತಾ! ಹದಿಮೂರು ವರ್ಷ ಇದರ ಕೆಳಗೇ ನಿಂತು ಬೇಯಿಸೀನಿ, ಒಂದಿನ ತಲೆ ಎತ್ತಿ ನೋಡಿಲ್ಲ ನೋಡು" ಎಂದಳು. ನಾನು ಕೈ ಚಾಚಿ ಒಂದೊಂದೇ ತೋರಿಸಿದೆ: ಒಲೆಯಿದ್ದ ಕಟ್ಟೆ, ಖಾಲಿ ಗೂಡು, ನನ್ನ ಎತ್ತರ ಅಳೆದ ಗೀರುಗಳಿದ್ದ ಬಾಗಿಲು. ಕತ್ತು ಹೊರಳಿಸಿ ನೋಡಿದಳು. ಅಲ್ಲಿಂದ ಹಿತ್ತಲಿಗೆ. ಮೂರು ತಿಂಗಳ ಮೇಲೆ ಅವಳ ಮುಖಕ್ಕೆ ಹಿತ್ತಲ ಬಿಸಿಲು ಬಿತ್ತು. ಕರಿಬೇವಿನ ಗಿಡದ ಕೆಳಗೆ ಹಲಗೆಯನ್ನು ಹಿಡಿದು ನಿಂತರು. ಯಾರೂ ಮಾತಾಡಲಿಲ್ಲ. ಅವ್ವ ಕೈ ಮೇಲೆ ಮಾಡಿ ಒಂದು ಎಲೆ ಕಿತ್ತು ಮೂಸಿದಳು.

ಅದೇ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಅಜ್ಜಿ ಬಂದಳು. ಬಸ್ಸಿಳಿದು ಒಳದಾರಿಯಿಂದ ಬಂದವಳಿಗೆ ಕಂಡದ್ದು ಏನು? ಆರು ಜನ ಹೆಂಗಸರು, ಅವರ ಕೈಯಲ್ಲಿ ಹಲಗೆ, ಹಲಗೆಗೆ ಬಟ್ಟೆಯಿಂದ ಕಟ್ಟಿದ ಮಗಳು, ಸುತ್ತಲೂ ಮೌನ. ಅಜ್ಜಿಯ ಕೈಯಿಂದ ಮೊಸರಿನ ಗಡಿಗೆ ಜಾರಿ ಕಲ್ಲಿನ ಮೇಲೆ ಒಡೆಯಿತು. "ಅಯ್ಯೋ ನನ್ನವ್ವಾ!" ಎಂದು ಎದೆ ಬಡಿದುಕೊಂಡು ಅಲ್ಲೇ ಕುಸಿದಳು.

"ಏ, ನಾನು ಬದುಕೀನಿ ಕಣವ್ವಾ!" ಎಂದು ಹಲಗೆಯ ಮೇಲಿನಿಂದ ಅವ್ವ ಕೂಗಿದಳು. "ಮೊಸರು ಯಾಕ ಚೆಲ್ಲಿದಿ?"

ಆಮೇಲೆ ಎದ್ದ ನಗು ಓಣಿಯ ಆ ತುದಿಯವರೆಗೆ ಕೇಳಿರಬೇಕು. ಹಲಗೆ ಬೀಳಿಸದಂತೆ ನಗಲು ಆ ಆರು ಜನ ಪಟ್ಟ ಪಾಡು! ಅಜ್ಜಿ ಅಳುತ್ತಲೇ ಎಲ್ಲರನ್ನೂ ಬೈದಳು, ಬೈಯುತ್ತಲೇ ನಕ್ಕಳು, ಬಂದು ಮಗಳ ಕೆನ್ನೆ ಸವರಿ ಮೊಸರಿನ ಕೈಯ ಗುರುತು ಬಿಟ್ಟಳು.

ಸಂಜೆ ಅಪ್ಪನಿಗೆ ರೂಪಾ ಎಲ್ಲವನ್ನೂ ಒದರಿಬಿಟ್ಟಳು. ಅಪ್ಪನ ಮುಖ ಕಪ್ಪಿಟ್ಟಿತು. ಬೀಗದ ಕೈ ತೆಗೆದುಕೊಂಡು ಅವ್ವನ ಅಂಗಾಲಿಗೆ ಗೀರೆಳೆದ. ಎಡಗಾಲಿನ ಐದೂ ಬೆರಳು ಚುರುಕಾಗಿ ಮಡಚಿಕೊಂಡವು. ಇನ್ನೊಮ್ಮೆ ಎಳೆದ. "ಕಚಗುಳಿ ಆಗ್ತೈತ್ರಿ, ಸಾಕು" ಎಂದಳು ಅವ್ವ. ಅಪ್ಪ ಬೀಗದ ಕೈಯನ್ನು ಜೇಬಿಗಿಟ್ಟು ಹೊರಗೆ ಹೋಗಿ, ಬರುವಾಗ ಒಂದು ಪೊಟ್ಟಣ ತುಂಬ ಖಾರಮಂಡಕ್ಕಿ, ಬಿಸಿ ಮಿರ್ಚಿ ತಂದ. "ಹೊತ್ತೋರಿಗೆಲ್ಲ ಕೊಟ್ಟು ಬಾ" ಎಂದು ನನ್ನ ಕೈಗಿಟ್ಟ.

ಹೊರಟ ದಿನ ಸಾಮಾನೆಲ್ಲ ಲಾರಿಯಲ್ಲಿ ಮುಂದೆ ಹೋಯಿತು. ನಾವು ಮೆಟಾಡೋರಿನಲ್ಲಿ ಅವ್ವನ ಆಚೀಚೆ ಕುಳಿತೆವು. ಮೆಹರಕ್ಕ ಕಿಟಕಿಯಿಂದ ಕೈ ಹಾಕಿ ಅವ್ವನ ಕೈ ಹಿಡಿದಿದ್ದವಳು, ಗಾಡಿ ಹೊರಟ ಮೇಲೂ ನಾಲ್ಕು ಹೆಜ್ಜೆ ಹಾಗೇ ನಡೆದು ಬಂದು ಕೈ ಬಿಟ್ಟಳು. ಅವ್ವ ಅತ್ತಳು. ಊರು ದಾಟುವ ಹೊತ್ತಿಗೆ, "ಈಗ ಎಲ್ಲಿ ಬಂದ್ವಿ?" ಎಂದು ಶುರು ಮಾಡಿದಳು. ನಾನು ಒಂದು ಕಡೆಯ ಭತ್ತದ ಗದ್ದೆ, ಕಾಲುವೆ ಹೇಳಿದರೆ, ರೂಪಾ ಇನ್ನೊಂದು ಕಡೆಯ ನಾಯಿ, ಎಮ್ಮೆ, ಟ್ರ್ಯಾಕ್ಟರು ಹೇಳುತ್ತಿದ್ದಳು. ದಾವಣಗೆರೆ ಬಂದದ್ದನ್ನು ಅವ್ವನೇ ಮೊದಲು ಹೇಳಿದಳು. ಯಾವುದೋ ಹೋಟೆಲಿನ ಹೆಂಚಿನ ಮೇಲೆ ಕರಗುತ್ತಿದ್ದ ಬೆಣ್ಣೆಯ ವಾಸನೆ ಅವಳಿಗೆ ನಮಗಿಂತ ಮುಂಚೆ ಸಿಕ್ಕಿತ್ತು.

ಹೊಸ ಮನೆಯಲ್ಲಿ ನಾಲ್ಕು ತಿಂಗಳ ಮೇಲೆ ಡಾಕ್ಟರು ಅವ್ವನನ್ನು ಕೂರಿಸಿದರು. ಆಮೇಲೆ ನಡುವಿಗೆ ಬಿಗಿಯಾದ ಬೆಲ್ಟು ಹಾಕಿ ನಿಲ್ಲಿಸಿದರು. ಮೊದಲ ಸಲ ನಿಂತಾಗ ತಲೆ ತಿರುಗಿ ಅಪ್ಪನ ಅಂಗಿಯ ಗುಂಡಿ ಕಿತ್ತುಬರುವಂತೆ ಹಿಡಿದುಕೊಂಡಳು. ವರ್ಷ ತುಂಬುವ ಹೊತ್ತಿಗೆ ಗುಳಿಗೆ ನಿಂತವು. ಕಾಲು ಉಳಿಯಿತು, ಅವ್ವ ಉಳಿದಳು.

ಈಗ ಅವಳಿಗೆ ಅರವತ್ತು ದಾಟಿದೆ. ದಾವಣಗೆರೆಯಲ್ಲೇ ಇದ್ದಾಳೆ, ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಾಳೆ. ಫೋನು ಮಾಡಿದರೆ, "ಆಮೇಲೆ ಮಾಡು, ಕೈಯಾಗೆ ಕೆಲಸ ಐತೆ" ಅನ್ನುತ್ತಾಳೆ. ಮದುವೆಯಾದ ಮೇಲೆ ನಾನೂ ಮೂರು ಮನೆ ಬದಲಿಸಿದೆ. ಸಾಮಾನು ಸಾಗಿಸುವ ಕಂಪನಿಯ ಸಮವಸ್ತ್ರದವರು ಬಂದು ಒಂದೇ ದಿನದಲ್ಲಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಒಯ್ದರು. ಒಂದು ಲೋಟವೂ ಒಡೆಯಲಿಲ್ಲ. ಯಾವ ಗೂಡಿನಲ್ಲಿ ಏನಿತ್ತು ಎಂದು ನನಗೆ ನೆನಪಿಲ್ಲ. ನಾನು ಬಿಟ್ಟುಬಂದ ಯಾವ ಮನೆಯ ಪಕ್ಕದವರೂ ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆಯಲಿಲ್ಲ. ಅವರ ಹೆಸರು ನಾನೂ ಸರಿಯಾಗಿ ತಿಳಿದಿರಲಿಲ್ಲ.

ಇದಕ್ಕಿಂತ ಹೇಳಲು ಕಷ್ಟವಾದದ್ದು ಇನ್ನೊಂದಿದೆ. ಅವ್ವ ಮಲಗಿದ್ದ ಆ ತಿಂಗಳುಗಳಲ್ಲಿ ಶಾಲೆಯಿಂದ ಬಂದವಳೇ ನಾನು ನೇರ ಅವಳ ಹತ್ತಿರ ಹೋಗುತ್ತಿದ್ದೆ. ಯಾರು ಯಾರ ರಬ್ಬರು ಕದ್ದರು, ಟೀಚರ್ ಯಾರಿಗೆ ಬೈದರು, ಎಲ್ಲವನ್ನೂ ಅವಳು ನನ್ನ ಮುಖವನ್ನೇ ನೋಡುತ್ತ ಕೊನೆಯವರೆಗೂ ಕೇಳುತ್ತಿದ್ದಳು. ಎದ್ದು ಹೋಗುವ ಹಾಗಿರಲಿಲ್ಲವಲ್ಲ. ಅವಳು ಯಾರ ಸಹಾಯವೂ ಇಲ್ಲದೆ ಮೊದಲ ಸಲ ನಡೆದ ದಿನ ನಾನು ಮನೆಗೆ ಬಂದಾಗ ಮಂಚ ಖಾಲಿಯಿತ್ತು. ಮನೆಯ ಹಿಂದಿನಿಂದ ಅವಳ ಧ್ವನಿ ಕೇಳಿಸಿತು, ಹೊಸ ನೆರೆಯವರೊಂದಿಗೆ ನೀರಿನ ಸಂಗತಿ ಮಾತಾಡುತ್ತಿದ್ದಳು, ನಗುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿತು. ಬ್ಯಾಗು ಬೆನ್ನ ಮೇಲಿದ್ದಂತೆಯೇ ಆ ಖಾಲಿ ಮಂಚದ ಅಂಚಿಗೆ ಸ್ವಲ್ಪ ಹೊತ್ತು ಕುಳಿತೆ. ಶಾಲೆಯಲ್ಲಿ ನಡೆದದ್ದೊಂದನ್ನು ಆವತ್ತು ಅವ್ವನಿಗೆ ಹೇಳುವುದಿತ್ತು. ಅದೇನೆಂದು ಈಗ ನೆನಪಿಲ್ಲ. ಹೇಳಲೇ ಇಲ್ಲ.