ಹದಿನೇಳು ನಿಮಿಷ ತಲೆ ತಗ್ಗಿಸಿದ ಮಂಡಳಿ

ಟಿಬಿಟ್ಸ್ ಕೌಂಟಿಯೆಂಬ ನಮ್ಮ ಪುಟ್ಟ ಜಿಲ್ಲೆಯ ಆಡಳಿತ ಮಂಡಳಿಯಲ್ಲಿ ಇರುವುದು ಮೂವರೇ ಸದಸ್ಯರು. ಆದರೂ ಒಂದು ತೀರ್ಮಾನಕ್ಕೆ ಬರಲು ಅವರು ತೆಗೆದುಕೊಳ್ಳುವ ಹೊತ್ತನ್ನು ನೋಡಿದರೆ ಮುನ್ನೂರು ಮಂದಿ ಇದ್ದಾರೇನೋ ಅನ್ನಿಸಬೇಕು. ನಾನು ಅಲ್ಲಿ ಹತ್ತೊಂಬತ್ತು ವರ್ಷ ಸಭೆಯ ನಡಾವಳಿ ಬರೆದವಳು. ಸಭಾಂಗಣದ ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ಮೂರು ತಿಂಗಳು ಚರ್ಚಿಸಿ, ಕೊನೆಗೆ ಮೊದಲಿದ್ದ ಕಂದು ಬಣ್ಣವನ್ನೇ ಬಳಿಸಿದರು. ಅದನ್ನು ಮಹತ್ವದ ನಿರ್ಣಯ ಎಂದು ಬರೆಯಲು ಹೇಳಿದರು. ಬರೆದೆ.

ಒಪಲ್ ಹಾಸ್ಲರ್ ಆ ಮಂಡಳಿಯನ್ನು ಕೇಳಿದ್ದು ಒಂದೇ ಒಂದು ಸಾಲು.

ಒಪಲ್ ಗುಡ್ಡದ ಮೇಲಿನ ವೃದ್ಧಾಶ್ರಮದ ಅಡುಗೆಯವಳು. ಆಶ್ರಮ ಕೌಂಟಿಯದೇ, ಹಾಗಾಗಿ ಅವಳೂ ಕೌಂಟಿಯ ನೌಕರಳು. ಅರವತ್ತೆರಡು ಮಂದಿ ಮುದುಕ ಮುದುಕಿಯರಲ್ಲಿ ಯಾರಿಗೆ ಹಲ್ಲಿದೆ, ಯಾರಿಗೆ ಇಲ್ಲ, ಯಾರು ಹಲ್ಲಿದ್ದೂ ಇಲ್ಲವೆಂದು ಹೇಳಿ ಹಿಸುಕಿದ ಆಲೂಗಡ್ಡೆಯನ್ನೇ ಕೇಳುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಕೌಂಟಿ ಕೊಟ್ಟ ಚಾಕುಗಳು ಬೆಣ್ಣೆಯನ್ನೂ ಕತ್ತರಿಸುವುದಿಲ್ಲವೆಂದು ತನ್ನವೇ ನಾಲ್ಕು ಚಾಕುಗಳನ್ನು ಅಲ್ಲಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು. ಇಪ್ಪತ್ತೆರಡು ವರ್ಷದಿಂದ ಅವು ಅಲ್ಲೇ ಇದ್ದವು.

ಅವಳ ಮನೆಯಲ್ಲಿ ವಿನ್ನಿ ಎಂಬಾಕೆ ಇಪ್ಪತ್ತಾರು ವರ್ಷದಿಂದ ಇದ್ದಳು. ಊರಿನ ಲೆಕ್ಕದಲ್ಲಿ ವಿನ್ನಿ ಬಾಡಿಗೆಗೆ ಇರುವವಳು. ಬಾಡಿಗೆಗೆ ಇರುವವಳು ಮನೆಯೊಡತಿಯ ಅಂಗಿಯ ಗುಂಡಿ ಯಾಕೆ ಹೊಲಿಯುತ್ತಾಳೆ, ಅವಳ ತಾಯಿಯ ಸಮಾಧಿಗೆ ಯಾಕೆ ಹೂವಿಡುತ್ತಾಳೆ ಎಂದು ಯಾರೂ ಕೇಳಲಿಲ್ಲ. ನಮ್ಮ ಕೌಂಟಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಗೊತ್ತಿಲ್ಲದವರಂತೆ ಇರುವುದನ್ನೇ ನಾವು ಸಭ್ಯತೆ ಎಂದು ಕರೆಯುತ್ತೇವೆ. ಆಗಸ್ಟಿನಲ್ಲಿ ನೌಕರರ ಪಿಕ್‌ನಿಕ್ ನಡೆಯುತ್ತದೆ. ಎಷ್ಟು ಜನ ಬರುತ್ತೀರಿ ಎಂದು ಬರೆಯುವ ಹಾಳೆಯಲ್ಲಿ ಒಪಲ್ ಪ್ರತಿ ವರ್ಷವೂ 'ಒಬ್ಬಳು' ಎಂದು ಬರೆಯುತ್ತಿದ್ದಳು. ಜೊತೆಗೆ ಆಲೂಗಡ್ಡೆ ಸಲಾಡಿನ ದೊಡ್ಡ ಬಟ್ಟಲು ತರುತ್ತಿದ್ದಳು. ಸಲಾಡು ಮಾಡುತ್ತಿದ್ದವಳು ವಿನ್ನಿ. ಬಟ್ಟಲು ಬರುತ್ತಿತ್ತು, ಮಾಡಿದವಳು ಬರುತ್ತಿರಲಿಲ್ಲ.

ಎಲ್ಲ ಹೀಗೇ ಸಭ್ಯವಾಗಿ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಎರಡು ಸಾವಿರದ ಏಳರಲ್ಲಿ ಲೈಬ್ರರಿಯ ಪುಸ್ತಕದ ವ್ಯಾನ್ ಓಡಿಸುತ್ತಿದ್ದ ಲಿಯಾನ್ ಪ್ರುವಿಟ್ ಕೆಲಸ ಕಳೆದುಕೊಂಡ. ಕೆರೆಯ ದಂಡೆಯಲ್ಲಿ ಅವನೂ ಅವನ ಸಂಗಾತಿಯಾದ ಇನ್ನೊಬ್ಬ ಗಂಡಸೂ ಕೈ ಹಿಡಿದು ಕೂತ ಫೋಟೊವನ್ನು ಯಾರೋ ಮಂಡಳಿಯ ಅಧ್ಯಕ್ಷ ವೆಂಡಲ್ ಕ್ರೆಬ್ಸ್‌ಗೆ ಕಳಿಸಿದ್ದರು. 'ಕೌಂಟಿಯ ರೀತಿನೀತಿಗೆ ಹೊಂದುವುದಿಲ್ಲ' ಎಂದು ಕಾಗದದಲ್ಲಿ ಕಾರಣ ಬರೆದರು. ಲಿಯಾನ್ ಊರು ಬಿಟ್ಟ. ಆ ವ್ಯಾನನ್ನು ಹಿಂದಕ್ಕೆ ತೆಗೆಯುವ ವಿದ್ಯೆ ಅವನೊಬ್ಬನಿಗೇ ಗೊತ್ತಿದ್ದದ್ದರಿಂದ ವ್ಯಾನು ಎಂಟು ತಿಂಗಳು ನಿಂತಲ್ಲೇ ನಿಂತು ಕೌಂಟಿಯ ರೀತಿನೀತಿಯನ್ನು ಕಾಪಾಡಿತು.

ಒಪಲ್ ನೌಕರರ ನಿಯಮಗಳ ಪುಸ್ತಕ ತರಿಸಿ ಓದಿದಳು. ಜನಾಂಗ, ಧರ್ಮ, ಬಣ್ಣ, ವಯಸ್ಸು ನೋಡಿ ಯಾರನ್ನೂ ಕೆಲಸದಿಂದ ತೆಗೆಯಕೂಡದು ಎಂದಿತ್ತು. ತಂಬಾಕು ಅಗಿಯುತ್ತಾನೆಂದು ತೆಗೆಯಕೂಡದು ಎಂದೂ ಇತ್ತು. ಹಿಂದೊಬ್ಬ ಅಧ್ಯಕ್ಷರು ಅಗಿಯುತ್ತಿದ್ದರು. ಯಾರನ್ನು ಪ್ರೀತಿಸುತ್ತಾರೆ, ತಮ್ಮನ್ನು ಹೆಣ್ಣೆಂದುಕೊಳ್ಳುತ್ತಾರೋ ಗಂಡೆಂದುಕೊಳ್ಳುತ್ತಾರೋ ಎಂಬ ಕಾರಣಕ್ಕೂ ತೆಗೆಯಕೂಡದು ಎಂದು ಇನ್ನೊಂದು ಸಾಲು ಸೇರಿಸಿ ಎಂಬುದು ಅವಳ ಬೇಡಿಕೆ. ತಂಬಾಕಿನ ಸಾಲಿನ ಕೆಳಗೆ ಬೇಕಾದಷ್ಟು ಜಾಗವಿತ್ತು.

ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸಭೆ. ಸಾರ್ವಜನಿಕರು ಮಾತಾಡಲು ಮೂರು ನಿಮಿಷ. ಅದನ್ನು ಅಳೆಯಲು ಸದಸ್ಯೆ ಆರ್ಲೀನ್ ಬೈಸ್ ತಮ್ಮ ಅಡುಗೆಮನೆಯಿಂದ ಕೋಳಿಯ ಆಕಾರದ ಗಡಿಯಾರವೊಂದನ್ನು ತಂದಿಟ್ಟಿದ್ದರು. ಕೋಳಿ ಕೂಗಿದರೆ ಮಾತು ಮುಗಿಯಿತು. ನಾಲ್ಕು ವರ್ಷ ಒಪಲ್ ಕೋಳಿಯ ಮುಂದೆ ನಿಂತಳು. ನಾಲ್ಕು ವರ್ಷವೂ "ಕೆಲವು ನೌಕರರಿಗೆ ಭಯವಿದೆ" ಎಂದಳೇ ಹೊರತು "ನನಗೆ" ಎನ್ನಲಿಲ್ಲ. ಎಂದಿದ್ದರೆ ಕ್ರೆಬ್ಸ್ ಅದನ್ನು ನನ್ನಿಂದ ನಡಾವಳಿಯಲ್ಲಿ ಬರೆಸುತ್ತಿದ್ದರು, ಮರುದಿನ ಅವಳಿಗೂ ರೀತಿನೀತಿಯ ಕಾಗದ ಹೋಗುತ್ತಿತ್ತು.

ಮಂಡಳಿ ಸುಮ್ಮನೆ ಕೂರಲಿಲ್ಲ. ಮೊದಲು ಅಧ್ಯಯನಕ್ಕೆ ಉಪಸಮಿತಿ ಮಾಡಿದರು. ಉಪಸಮಿತಿ ಒಂದೇ ಒಂದು ಸಲ ಸೇರಿತು, ಅದೂ ಪಾರ್ಕಿಂಗ್ ಜಾಗದಲ್ಲಿ, ಕ್ರೆಬ್ಸ್ ಕಾರಿನ ಬ್ಯಾಟರಿ ಇಳಿದಿದ್ದಾಗ. ಆಮೇಲೆ ವಕೀಲರ ಅಭಿಪ್ರಾಯ ಕೇಳಿದರು. ವಕೀಲರು ಜಿಂಕೆ ಬೇಟೆಗೆ ಹೋಗಿದ್ದರು. ಬೇಟೆಯ ಕಾಲ ಮುಗಿದ ಮೇಲೆ ಮಂಡಳಿಗೇ ತಾನು ಕೇಳಿದ್ದು ಏನೆಂದು ಮರೆತುಹೋಗಿತ್ತು.

ಎರಡು ಸಾವಿರದ ಹನ್ನೊಂದರ ನವೆಂಬರಿನಲ್ಲಿ ಸಭೆ ಮುಗಿದ ಮೇಲೆ ಒಪಲ್ ನನ್ನ ಮೇಜಿನ ಹತ್ತಿರ ಬಂದಳು. ಅಲ್ಲಿ ಪ್ರಾರ್ಥನೆಯ ಪುಸ್ತಕ ಇತ್ತು. ನಮ್ಮಲ್ಲಿ ಸಭೆ ಪ್ರಾರ್ಥನೆಯಿಂದ ಶುರುವಾಗುತ್ತದೆ. ಮಾಡಲು ಇಚ್ಛೆಯಿದ್ದವರು ಆ ಪುಸ್ತಕದಲ್ಲಿ ಹೆಸರು ಬರೆಯಬೇಕು. ಪಾದ್ರಿಗಳು ಬೆಳಿಗ್ಗೆ ಒಂಬತ್ತಕ್ಕೆ ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕ್ರೆಬ್ಸ್ ಅವರೇ ಊಟದ ಮುಂಚೆ ಹೇಳುವ ಎರಡು ಸಾಲು ಗೊಣಗಿ ಮುಗಿಸುತ್ತಿದ್ದರು.

"ಇದರಲ್ಲಿ ಯಾರು ಬರೀಬಹುದು?" ಅಂದಳು.

ನಿಯಮ ತೆಗೆದು ನೋಡಿ, ಕೌಂಟಿಯಲ್ಲಿ ವಾಸವಿರುವ ಯಾರು ಬೇಕಾದರೂ ಎಂದೆ.

"ಎಷ್ಟು ಹೊತ್ತು ಮಾಡಬಹುದು?"

ಮತ್ತೆ ನೋಡಿದೆ. ಪ್ರಾರ್ಥನೆ ನಡೆಯುವಾಗ ಎಲ್ಲರೂ ಎದ್ದು ತಲೆ ತಗ್ಗಿಸಿ ನಿಲ್ಲಬೇಕು, ಯಾರೂ ಅಡ್ಡಿ ಮಾಡಕೂಡದು ಎಂದಿತ್ತು. ಹೊತ್ತಿನ ಮಾತೇ ಇರಲಿಲ್ಲ. ಇದನ್ನು ಬರೆದ ಹಿರಿಯರು ಭಕ್ತರು, ಪಾಪ. ತಮ್ಮ ನಂತರದವರ ಬಗ್ಗೆ ಒಳ್ಳೆಯದನ್ನೇ ಎಣಿಸಿದ್ದರು. ಒಪಲ್ ಪೆನ್ನು ಕೇಳಿದಳು, ಕೊಟ್ಟೆ. ಡಿಸೆಂಬರಿನ ಪುಟದಲ್ಲಿ ಹೆಸರು ಬರೆದಳು. ಮುಂದಿನ ಪುಟ ತಿರುಗಿಸಿದಳು, ಅದರ ಮುಂದಿನದನ್ನೂ.

ಆ ಸಂಜೆ ಅವಳು ಚಾಕುಗಳನ್ನು ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ದಳೆಂದು ಆಮೇಲೆ ತಿಳಿಯಿತು. ಕೆಲಸದಿಂದ ತೆಗೆದರೆ ಒಳಗೆ ಹೋಗಿ ತರಲು ಬಿಡುವುದಿಲ್ಲವಲ್ಲ.

ಡಿಸೆಂಬರಿನ ಮೊದಲ ಮಂಗಳವಾರ ಎಲ್ಲರೂ ಎದ್ದು ತಲೆ ತಗ್ಗಿಸಿದೆವು. ಒಪಲ್ ಆತುರ ಪಡಲಿಲ್ಲ. ಕ್ರೆಬ್ಸ್ ಅವರ ಎಡ ಮೊಣಕಾಲಿಗಾಗಿ ಬೇಡಿಕೊಂಡಳು. ಆರ್ಲೀನ್ ಬೈಸ್ ಅವರ ತಂಗಿ, ಆಸ್ಪತ್ರೆಯಲ್ಲಿದ್ದ ರೋವೀನಾಳಿಗಾಗಿ ಹೆಸರು ಹಿಡಿದು ಬೇಡಿಕೊಂಡಳು. ಹಿಮ ಸರಿಸುವ ಲಾರಿಯವರಿಗಾಗಿ ಬೇಡಿಕೊಂಡಳು. ಆಮೇಲೆ ಆಶ್ರಮದ ಅರವತ್ತೆರಡು ಮಂದಿ, ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಕಾಯಿಲೆ. ನಡುವೆ ಕೋಳಿ ಕೂಗಿತು. ಬೈಸ್ ಅಭ್ಯಾಸಬಲದಿಂದ ಕೀಲಿ ಕೊಟ್ಟುಬಿಟ್ಟಿದ್ದರು. ಒಪಲ್ ಕೋಳಿಯನ್ನೂ ಆಶೀರ್ವದಿಸಪ್ಪಾ ಎಂದು ಹೇಳಿ ಮುಂದುವರಿಸಿದಳು. ಕ್ರೆಬ್ಸ್ ಒಂದು ಕಣ್ಣು ತೆರೆದು ನನ್ನತ್ತ ನೋಡಿದರು. ನೋಡಿದ್ದು ನನಗೆ ಹೇಗೆ ಗೊತ್ತಾಯಿತೆಂದರೆ ನಾನೂ ಒಂದು ಕಣ್ಣು ತೆರೆದಿದ್ದೆ. ಅದಕ್ಕೆ ಆ ಭಾನುವಾರ ಕ್ಷಮೆ ಕೇಳಿಕೊಂಡೆ.

ಲಿಯಾನ್‌ನ ಹೆಸರು ಬಂತು. ಅದಾದ ಮೇಲೆ ಅವಳ ದನಿ ಸ್ವಲ್ಪ ಇಳಿಯಿತು.

"ಕರ್ತನೇ, ನಾಲ್ಕು ವರ್ಷದಿಂದ ಇದೇ ಜಾಗದಲ್ಲಿ ನಿಂತು 'ಕೆಲವರು, ಕೆಲವರು' ಅಂತ ಹೇಳ್ತಾ ಬಂದೆ. ಇವರ ಮುಂದೆ ಹಾಗೆ ಹೇಳಬಹುದು, ನಿನ್ನ ಮುಂದೆ ಆಗಲ್ಲ. ಆ ಕೆಲವರಲ್ಲಿ ನಾನೂ ಒಬ್ಬಳು. ವಿನ್ನಿ ನನ್ನ ಮನೇಲಿ ಬಾಡಿಗೆಗಿಲ್ಲ. ಇಪ್ಪತ್ತಾರು ವರ್ಷದಿಂದ ನಾನು ಉಸಿರಾಡ್ತಿರೋದು ಅವಳ ಜೊತೆ. ಇವರು ನನ್ನ ಕೆಲಸ ತೆಗೀಬಹುದು. ತೆಗೆದ್ರೆ ಆ ಮುದುಕರಿಗೆ ಗಂಜಿ ಗಟ್ಟಿಯಾಗದ ಹಾಗೆ ನೀನೇ ನೋಡ್ಕೋ. ಆಮೆನ್."

ಹದಿನೇಳು ನಿಮಿಷ. ನಲವತ್ತು ವರ್ಷ ಚರ್ಚಿಗೆ ಹೋದವಳು ನಾನು. ದೇವರಿಗೆ ಕೇಳಲೆಂದು ಮಾಡುವ ಪ್ರಾರ್ಥನೆ ಯಾವುದು, ಪಕ್ಕದವರಿಗೆ ಕೇಳಲೆಂದು ಮಾಡುವುದು ಯಾವುದು ಎಂದು ತಿಳಿಯುತ್ತದೆ. ಅಂದಿನದು ಎರಡೂ ಕಡೆ ಹೋಗುವಂಥದ್ದಾಗಿತ್ತು. ಪ್ರಾರ್ಥನೆಯ ಮಾತುಗಳನ್ನು ನಡಾವಳಿಯಲ್ಲಿ ಬರೆಯುವಂತಿಲ್ಲ ಎಂಬ ನಿಯಮವೂ ಇದೆ. 'ಪ್ರಾರ್ಥನೆ: ಒಪಲ್ ಹಾಸ್ಲರ್' ಎಂದಷ್ಟೇ ಬರೆದೆ. ಕ್ರೆಬ್ಸ್ ಎರಡು ಸಲ ಬಂದು ಅಷ್ಟೇನಾ ಎಂದು ಕೇಳಿದರು. ಅಷ್ಟೇ ಎಂದೆ.

ದೇವರ ಹತ್ತಿರ ಹೇಳಿದ ಮಾತಿಗೆ ಕೆಲಸದಿಂದ ತೆಗೆದರೆಂದು ಪತ್ರಿಕೆಯಲ್ಲಿ ಬರುವುದು ಚೆನ್ನಾಗಿರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಹಾಗಾಗಿ ಕಾಗದ ಕಳಿಸಲಿಲ್ಲ. ಬೇರೆ ದಾರಿ ಹುಡುಕಿದರು. ಇನ್ನು ಮೇಲೆ ದೀಕ್ಷೆ ಪಡೆದ ಪಾದ್ರಿಗಳು ಮಾತ್ರ ಪ್ರಾರ್ಥನೆ ಮಾಡಬೇಕು, ಅದೂ ಒಂದು ನಿಮಿಷ. ನಾಲ್ಕು ವರ್ಷದಲ್ಲಿ ಒಂದು ಸಾಲು ಸೇರಿಸಲಾಗದ ಮಂಡಳಿ ನಾಲ್ಕೇ ದಿನದಲ್ಲಿ ಇದನ್ನು ಸಿದ್ಧಪಡಿಸಿ ಜನವರಿಯ ಸಭೆಯ ಪಟ್ಟಿಯಲ್ಲಿ ಹಾಕಿತು. ಪತ್ರಿಕೆಯವರು ಅದನ್ನು ಅಚ್ಚು ಹಾಕಿದರು.

ಜನವರಿಯಲ್ಲಿ ಕೂರಲು ಜಾಗವಿರಲಿಲ್ಲ. ಒಪಲ್ ನಾಲ್ಕು ವರ್ಷ ಮಾತಾಡಿದಾಗ ಒಬ್ಬರೂ ಬರದ ಬ್ಯಾಪ್ಟಿಸ್ಟ್ ಚರ್ಚಿನವರು, ಲೂಥರನ್ ಚರ್ಚಿನ ಹೆಂಗಸರ ಸಂಘ, ಬೆಂಕಿ ಆರಿಸುವ ದಳದವರು ಎಲ್ಲರೂ ಬಂದಿದ್ದರು. ಮೊದಲು ಒಪಲ್ ಪ್ರಾರ್ಥನೆ ಮಾಡಿದಳು, ಇಪ್ಪತ್ತೊಂದು ನಿಮಿಷ. ಆಮೇಲೆ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ ವರ್ಜಿಲ್ ಸ್ಟ್ರೂಪ್ ಕೋಳಿಯ ಮುಂದೆ ಬಂದು ನಿಂತ. ಒಪಲ್ ಎದುರಾದರೆ ರಸ್ತೆ ದಾಟುವ ಆಸಾಮಿ ಅವನು.

"ನೋಡು ವೆಂಡಲ್, ಆ ಹೆಂಗಸು ನನಗೆ ಹಿಡಿಸಲ್ಲ. ಅವಳು ಹೇಳಿದ್ದರಲ್ಲಿ ಅರ್ಧ ನನ್ನ ಕಿವಿಗೇ ಬೀಳಬಾರದಿತ್ತು. ಆದ್ರೆ ಅವಳು ದೇವರ ಹತ್ರ ಮಾತಾಡ್ತಿರುವಾಗ ನಡುವೆ ಬಾಯಿ ಹಾಕಕ್ಕೆ ನೀನ್ಯಾರು? ಅಲ್ಲಿಂದ ನಿನಗೇನಾದ್ರೂ ಫೋನ್ ಬಂದಿತ್ತಾ?"

ಜನ ನಕ್ಕರು. ಕ್ರೆಬ್ಸ್ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡರು. ಆಗ ಮೂರನೆಯ ಸದಸ್ಯ ಕ್ಲೈಡ್ ಅಮ್‌ಸ್ಟೆಡ್ ನನ್ನತ್ತ ತಿರುಗಿದರು. ಎಂಟು ವರ್ಷದಲ್ಲಿ ಅವರು "ಸೈ" ಎನ್ನುವುದನ್ನು ಬಿಟ್ಟರೆ ಬೇರೆ ಮಾತಾಡಿದ್ದನ್ನು ನಾನು ಬರೆದಿಲ್ಲ.

"ಫೆಬ್ರವರಿಗೆ ಪುಸ್ತಕದಲ್ಲಿ ಯಾರ ಹೆಸರಿದೆಯಮ್ಮ?"

"ಒಪಲ್ ಹಾಸ್ಲರ್."

"ಮಾರ್ಚ್?"

"ಒಪಲ್ ಹಾಸ್ಲರ್." ಪುಟ ತಿರುಗಿಸುತ್ತ ಹೋದೆ. ಡಿಸೆಂಬರಿನ ತನಕ ಅದೇ ಹೆಸರು, ದುಂಡಗಿನ ಅಕ್ಷರ.

ಅಮ್‌ಸ್ಟೆಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವೆಂಡಲ್, ನನ್ನ ಸೊಂಟ ಇನ್ನು ಹನ್ನೊಂದು ಸಲ ತಡ್ಕೊಳ್ಳಲ್ಲ ಮಾರಾಯ. ಆ ಸಾಲು ಸೇರಿಸಿಬಿಡೋಣ."

ನ್ಯಾಯಕ್ಕೆ ನಮ್ಮ ಕೌಂಟಿಯಲ್ಲಿ ಮತ ಬಿದ್ದದ್ದು ಹೀಗೆ, ಒಬ್ಬರ ಸೊಂಟದ ಮೂಲಕ. ಎರಡನೆಯ ಮತ ಆರ್ಲೀನ್ ಬೈಸ್ ಅವರದು. ಅವರು ಕಾರಣವನ್ನೇ ಹೇಳಲಿಲ್ಲ. ಹೊರಗೆ ಹೋಗುವಾಗ ಮಾತ್ರ ಒಪಲ್‌ಳ ಪಕ್ಕದಲ್ಲಿ ನಿಂತು, ರೋವೀನಾ ಮನೆಗೆ ಬಂದಿದ್ದಾಳೆ, ಮುಂದಿನ ತಿಂಗಳೂ ಅವಳ ಹೆಸರು ಹೇಳ್ತೀಯಾ ಎಂದು ಮೆಲ್ಲಗೆ ಕೇಳಿದರು. ಕ್ರೆಬ್ಸ್ ವಿರುದ್ಧ ಮತ ಹಾಕಿದರು. ಮುಂದಿನ ಚುನಾವಣೆಯ ಕರಪತ್ರದಲ್ಲಿ ಆ ಸಾಲನ್ನು ತಮ್ಮ ಅವಧಿಯ ಸಾಧನೆಗಳಲ್ಲಿ ಮೂರನೆಯದಾಗಿ ಅಚ್ಚು ಹಾಕಿಸಿದರು. ಮೊದಲನೆಯದು ಗೋಡೆಯ ಬಣ್ಣ.

ಮರುದಿನ ಬೆಳಿಗ್ಗೆ ಚಾಕುಗಳು ಡ್ರಾಯರಿಗೆ ವಾಪಸಾದವು. ಒಪಲ್ ಬರೆದ ಮಾತಿಗೆ ತಪ್ಪಲಿಲ್ಲ, ಆ ವರ್ಷವೆಲ್ಲ ಬಂದಳು. ಬೇಡಿಕೊಳ್ಳುವುದು ಕಡಿಮೆಯಾಗಿದ್ದರಿಂದ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದಳು. ಪ್ರತಿ ಸಲವೂ ಕೊನೆಗೆ ಲಿಯಾನ್‌ನ ಹೆಸರು ಹೇಳುತ್ತಿದ್ದಳು. ಅವನನ್ನು ವಾಪಸ್ ಕರೆಯುವ ಮಾತನ್ನು ಮಂಡಳಿ ಉಪಸಮಿತಿಗೆ ಒಪ್ಪಿಸಿತ್ತು.

ಆಗಸ್ಟಿನ ಹಾಳೆಯಲ್ಲಿ ಅವಳು 'ಇಬ್ಬರು' ಎಂದು ಬರೆದಳು. ಬಟ್ಟಲನ್ನು ಆ ಸಲ ವಿನ್ನಿಯೇ ಹಿಡಿದು ತಂದಳು. ಕುಳ್ಳಗಿನ, ನಾಚಿಕೆಯ ಹೆಂಗಸು, ಹೊಸ ನೀಲಿ ಅಂಗಿ ತೊಟ್ಟಿದ್ದಳು. ಕ್ರೆಬ್ಸ್ ಎರಡನೆಯ ಸಲ ಬಡಿಸಿಕೊಳ್ಳಲು ಬಂದು, ಒಪಲ್, ಇಪ್ಪತ್ತೆರಡು ವರ್ಷದಿಂದ ನಿನ್ನ ಸಲಾಡಿಗೋಸ್ಕರವೇ ಈ ಪಿಕ್‌ನಿಕ್ಕಿಗೆ ಬರ್ತಿರೋದು ಎಂದರು.

"ನಂದಲ್ಲ, ಇವಳದು," ಅಂದಳು ಒಪಲ್.

ಕ್ರೆಬ್ಸ್ ಚಮಚವನ್ನು ಗಾಳಿಯಲ್ಲೇ ಹಿಡಿದು ವಿನ್ನಿಯನ್ನು ನೋಡಿದರು, ಸಲಾಡನ್ನು ನೋಡಿದರು. ಅಧ್ಯಯನಕ್ಕೆ ಉಪಸಮಿತಿ ಮಾಡುವಷ್ಟು ಹೊತ್ತು ಇರಲಿಲ್ಲ, ಹಿಂದೆ ಸಾಲು ಬೆಳೆದಿತ್ತು. ಬಡಿಸಿಕೊಂಡರು.