ಕೆಳಗಿನ ಒಂದೇ ಕುರ್ಚಿ

ಮುಂಡಗೋಡದ ಬಸ್ ನಿಲ್ದಾಣದ ಹಿಂದಿನ ಸಭಾಭವನದಲ್ಲಿ ತಿಂಗಳಿಗೊಂದು ಭಾನುವಾರ ಅಖಿಲ ರಾಷ್ಟ್ರ ಮಾನವ ಹಕ್ಕು ಕಾವಲು ಪರಿಷತ್ತಿನ ಸಭೆ ಸೇರುತ್ತದೆ. ವೇದಿಕೆಯ ಮೇಲೆ ನಲವತ್ತೊಂದು ಕುರ್ಚಿ. ಕೆಳಗೆ, ಸಭಿಕರಿಗೆಂದು, ಒಂದು. ಆ ಒಂದರಲ್ಲಿ ಕೂರುವವರು ದ್ವಾರಕಾಬಾಯಿ.

ಅವರಿಗೆ ಅರವತ್ತೆರಡು ವರ್ಷ. ಊರು ಪಕ್ಕದ ಇಂದೂರ ಹಳ್ಳಿ ದಾಟಿದ ಮೇಲೆ ಸಿಗುವ ಲಂಬಾಣಿ ತಾಂಡಾ. ಒಂದೆಕರೆ ಗೋವಿನಜೋಳ, ಎರಡು ಆಡು, ಮೊಮ್ಮಗಳು ರೀನಾ. ರೀನಾ ಮುಂಡಗೋಡದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಾಳೆ. ಕಳೆದ ಮಳೆಗಾಲದಲ್ಲಿ ರಸ್ತೆ ಅಗಲ ಮಾಡುವಾಗ ತಾಂಡಾದ ಬಸ್ ಸ್ಟಾಪಿನ ಕಲ್ಲು ಕಿತ್ತುಹೋಯಿತು. ಕಲ್ಲಿನೊಂದಿಗೆ ಸ್ಟಾಪೂ ಹೋಯಿತು. ಬೆಳಗಿನ ಏಳೂ ನಲವತ್ತರ ಬಸ್ಸು ಕೈ ಮಾಡಿದರೂ ನಿಲ್ಲದೆ ಮುಂದೆ ಹೋಗತೊಡಗಿತು. ಯಾರದಾದರೂ ಬೈಕು ಸಿಗದ ದಿನ ರೀನಾ ಇಂದೂರಿನವರೆಗೆ ನಡೆದು ಮುಂದಿನ ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿರುತ್ತಿತ್ತು. ಆ ಕಾಲೇಜಿನಲ್ಲಿ ಹಾಜರಿ ಹಾಕುವುದು ಮೊದಲ ಪಿರಿಯಡ್ಡಿನಲ್ಲೇ. ಹಾಜರಿ ಶೇಕಡಾ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ.

ಯಾರೋ ಪರಿಷತ್ತಿಗೆ ದೂರು ಕೊಡಿ ಎಂದರು. ಆಗಸ್ಟಿನಲ್ಲಿ ದ್ವಾರಕಾಬಾಯಿ ಹೋದರು.

ಪರಿಷತ್ತಿನ ರಾಷ್ಟ್ರೀಯ ಅಧ್ಯಕ್ಷ ಚನಬಸಪ್ಪ ಹಳಿಯಾಳದವರು. ಶಾಮಿಯಾನ ಮತ್ತು ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಅವರದು. ಹೀಗಾಗಿ ವೇದಿಕೆಗೆ ಕುರ್ಚಿಯ ಕೊರತೆ ಎಂದೂ ಬಂದಿಲ್ಲ. ರಾಷ್ಟ್ರೀಯ ಉಪಾಧ್ಯಕ್ಷ ಲಗಮಪ್ಪ ವಾರಕ್ಕೆರಡು ಸಲ ಗೋವಾಕ್ಕೆ ತರಕಾರಿ ಗಾಡಿ ಓಡಿಸುವುದರಿಂದ ಗೋವಾ ರಾಜ್ಯದ ಉಸ್ತುವಾರಿ ಅವರಿಗೆ ಬಂದಿದೆ. ಮಹಾರಾಷ್ಟ್ರದ ಉಸ್ತುವಾರಿಯ ಮಗಳನ್ನು ಆ ಕಡೆ ಕೊಟ್ಟಿದ್ದಾರೆ. ಹೊಸಬರು ಬಂದಾಗಲೆಲ್ಲ ಒಂದು ಹುದ್ದೆ ಕೊಡುವುದು ಮೊದಲಿನಿಂದ ಬಂದ ಪದ್ಧತಿ. ಹುದ್ದೆ ಇಲ್ಲದೆ ಯಾರೂ ಬರುವುದಿಲ್ಲ. ಹಳಬರಿಗೆ ಹುಟ್ಟುಹಬ್ಬಕ್ಕೆ ಬಡ್ತಿ. ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿ ಉಳಿದಿದ್ದ ಕೊನೆಯ ಸಾಮಾನ್ಯ ಸದಸ್ಯರು ಮೂರು ವರ್ಷದ ಹಿಂದೆ ಮನೆ ಕಟ್ಟಿಸಿದರು. ವಾಸ್ತುಶಾಂತಿಯ ಬ್ಯಾನರಿನಲ್ಲಿ ಹಾಕಲು ಏನಾದರೂ ಬೇಕೆಂದಾಗ ಅವರನ್ನೂ ರಾಷ್ಟ್ರೀಯ ಸಂಘಟಕರನ್ನಾಗಿ ಮಾಡಲಾಯಿತು.

ದೂರು ಕೊಡಲು ಸದಸ್ಯರಾಗಿರಬೇಕು ಎಂದರು ಪ್ರಧಾನ ಕಾರ್ಯದರ್ಶಿ ಅಡಿವೆಯ್ಯ. ಅವರ ಬಳಿ ಇದ್ದ ಅರ್ಜಿಗಳೆಲ್ಲ ಪದಾಧಿಕಾರಿಗಳವು. ಒಂದರಲ್ಲಿ ‘ಪದಾಧಿಕಾರಿ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಸಾಮಾನ್ಯ ಸದಸ್ಯೆ’ ಎಂದು ಕೈಯಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಅಂದಿನಿಂದ ದ್ವಾರಕಾಬಾಯಿಗೆ ಕೆಲಸ ಹೆಚ್ಚಾಯಿತು. ಸಭೆಯ ಮೊದಲ ವಿಷಯ ಗಣ್ಯರಿಗೆ ಸನ್ಮಾನ. ವೇದಿಕೆ ಮೇಲಿನವರು ವೇದಿಕೆ ಮೇಲಿನವರಿಗೆ ಶಾಲು ಹೊದಿಸಿದರೆ ಚೆನ್ನಾಗಿ ಕಾಣುವುದಿಲ್ಲ. ಹೀಗಾಗಿ ನಲವತ್ತೊಂದು ಜನರಿಗೂ ಅವರೇ ಹೊದಿಸಬೇಕು. ಶಾಲು ಇರುವುದು ಎರಡು. ಒಬ್ಬರು ಫೋಟೊಕ್ಕೆ ನಿಂತಾಗ ಹಿಂದಿನವರಿಂದ ಬಿಚ್ಚಿಕೊಂಡು ಮುಂದಿನವರಿಗೆ ಒಯ್ಯಬೇಕು. ಬಳಿಕ ಕೆಳಗಿಳಿದು ಕೂತು ಭಾಷಣಕ್ಕೆ ಚಪ್ಪಾಳೆ ತಟ್ಟಬೇಕು. ಅವರ ದೂರು ಹನ್ನೊಂದನೆಯ ವಿಷಯ. ಐದು ತಿಂಗಳಲ್ಲಿ ಸಭೆ ಒಮ್ಮೆಯೂ ನಾಲ್ಕನೆಯ ವಿಷಯ ದಾಟಲಿಲ್ಲ. ಸೆಪ್ಟೆಂಬರಿನಲ್ಲಿ ಒಮ್ಮೆ ಪತ್ರ ಬರೆಯಲು ಹೊರಟದ್ದುಂಟು. ಆದರೆ ಪರಿಷತ್ತಿನ ಪತ್ರದ ಹಾಳೆಯಲ್ಲಿ ನಲವತ್ತೊಂದು ಹೆಸರು, ಹುದ್ದೆ, ಮೊಬೈಲ್ ನಂಬರು ಅಚ್ಚಾದ ಮೇಲೆ ಉಳಿದದ್ದು ಎರಡು ಬೆರಳು ಜಾಗ. ಅದರಲ್ಲಿ ‘ಮಾನ್ಯರೇ’ ಎಂದು ಬರೆದು, ಸಹಿಗೆ ಜಾಗ ಬಿಟ್ಟು, ಅಡಿವೆಯ್ಯ ನಿಲ್ಲಿಸಿದರು.

ಜನವರಿ ಮೊದಲ ವಾರಕ್ಕೆ ರೀನಾಳ ಹಾಜರಿ ಎಪ್ಪತ್ತೆರಡಕ್ಕೆ ಇಳಿದಿತ್ತು. ಉಳಿದದ್ದು ಇಪ್ಪತ್ತೈದು ದಿನ. ಅದರಲ್ಲಿ ಒಂದಕ್ಕಿಂತ ಹೆಚ್ಚು ತಪ್ಪುವ ಹಾಗಿರಲಿಲ್ಲ.

ಆ ಭಾನುವಾರ ವಾರ್ಷಿಕ ಮಹಾಸಭೆ. ಪದಾಧಿಕಾರಿಗಳ ಮರು ಆಯ್ಕೆಗೆ ಒಪ್ಪಿಗೆ ಪಡೆದು ನೋಂದಣಿ ಕಚೇರಿಗೆ ಕಳಿಸಬೇಕು. ಬೈಲಾ ಪ್ರಕಾರ ಪದಾಧಿಕಾರಿಗಳು ತಮ್ಮ ಆಯ್ಕೆಗೆ ತಾವೇ ಕೈ ಎತ್ತುವಂತಿಲ್ಲ. ಸಾಮಾನ್ಯ ಸದಸ್ಯರು ಎತ್ತಬೇಕು. ಹಿಂದಿನ ವರ್ಷಗಳಲ್ಲಿ ಇದನ್ನು ಯಾರೂ ಓದಿರಲಿಲ್ಲ. ಈ ಸಲ ನೋಂದಣಿ ಕಚೇರಿಯವರು ಓದಿ, ಅಡಿಗೆರೆ ಎಳೆದು ಕಳಿಸಿದ್ದರು.

ಅಡಿವೆಯ್ಯ ನಲವತ್ತೊಂದು ಹೆಸರನ್ನೂ ಓದಿ, ಕನ್ನಡಕ ತೆಗೆದು, “ಒಪ್ಪಿಗಿ ಇದ್ದವರು ಕೈ ಎತ್ರಿ” ಎಂದರು.

ದ್ವಾರಕಾಬಾಯಿ ಸೆರಗಿನೊಳಗೆ ಕೈ ಇಟ್ಟುಕೊಂಡು ಕೂತಿದ್ದರು.

“ಬಾಯಾರ, ನಿಮಗ ಹೇಳಿದ್ದು. ಕೈ ಎತ್ರಿ.”

“ಬಸ್ ನಿಂತ ಮ್ಯಾಲ ಎತ್ತತೇನಿ.”

“ಬಸ್ಸಿಂದು ಹನ್ನೊಂದನೇ ವಿಷಯ ಐತಿ. ಇದು ಎರಡನೇದು.”

“ಹಂಗಾದ್ರ ಹನ್ನೊಂದು ಆದಮ್ಯಾಲ ಎರಡಕ್ಕ ಬರ್ರಿ. ನಾ ಎಲ್ಲಿಗೂ ಹೋಗೂದಿಲ್ಲ.”

ಚನಬಸಪ್ಪ ಮೈಕು ಎಳೆದುಕೊಂಡರು. “ಯವ್ವಾ, ನಿನ್ನ ಸೇವಾ ಮೆಚ್ಚೀವಿ. ಇವತ್ತs ನಿನ್ನ ರಾಷ್ಟ್ರೀಯ ಮಹಿಳಾ ಅಧ್ಯಕ್ಷಿ ಮಾಡತೇವಿ. ಮ್ಯಾಲ ಬಾ. ಏ, ಒಂದ್ ಕುರ್ಚಿ ತರ್ರಿ.”

ಅಡಿವೆಯ್ಯ ಅಧ್ಯಕ್ಷರ ಕಿವಿಯ ಬಳಿ ಬಾಗಿದರೂ ಮೈಕು ಚಾಲೂ ಇತ್ತು. “ಅಧ್ಯಕ್ಷರ, ಆಕಿ ಮ್ಯಾಲ ಬಂದ್ರ ಕೆಳಗ ಕೈ ಎತ್ತಾವ್ರು ಯಾರ್ರೀ?”

“ಹೌದಲ್ಲ. ಲಗಮಪ್ಪ, ನೀ ಒಂದ್ ಗಳಗಿ ರಾಜೀನಾಮಿ ಕೊಟ್ಟು ಕೆಳಗ ಕುಂಡ್ರು.”

“ನಾ ಇಳದ್ರ ಗೋವಾ ಯಾರ್ ನೋಡ್ಬೇಕ್ರಿ? ಗಾಡಿ ಬೋರ್ಡ್ ಮೊನ್ನಿನs ಬರಸೇನಿ, ಇನ್ನಾ ಬಣ್ಣ ಆರಿಲ್ಲ. ನೀವs ಇಳೀರಿ.”

“ಅಧ್ಯಕ್ಷ ಇಳದ್ರ ಸಭಾ ಯಾರ್ ನಡಸ್ತಾರೋ ಶಾಣ್ಯಾ!”

ಹಿಂದಿನ ಸಾಲಿನವರನ್ನು ಕೇಳಲಾಯಿತು. ಒಬ್ಬರಿಗೆ ಮೊಣಕಾಲು ನೋವು. ಇನ್ನೊಬ್ಬರ ಮಗನ ಲಗ್ನಪತ್ರಿಕೆ ಹುದ್ದೆಯೊಂದಿಗೆ ಅಚ್ಚಾಗಿಬಿಟ್ಟಿದೆ. ಜೋಯಿಡಾದವರು ತಾವು ಇಳಿದರೆ ಇಡೀ ತಾಲ್ಲೂಕಿಗೇ ಅವಮಾನ ಎಂದರು. ಅರ್ಧ ಗಂಟೆಯಾದರೂ ಯಾರೂ ಇಳಿಯಲಿಲ್ಲ. ಕೊನೆಗೆ ರಾಷ್ಟ್ರೀಯ ನಾಯಕತ್ವ ಇಡಿಯಾಗಿ ಎದ್ದು, ಕೆಳಗಿದ್ದ ಸದಸ್ಯೆಯನ್ನು ಮುಂದಿಟ್ಟುಕೊಂಡು, ಬಸ್ ನಿಲ್ದಾಣಕ್ಕೆ ನಡೆಯಿತು.

ಅಲ್ಲಿನ ಕಂಟ್ರೋಲರ್ ಚಹಾ ಕುಡಿಯುತ್ತಿದ್ದರು. “ಏನ್ ಕಂಪ್ಲೇಂಟ್ ರೀ?” ಎಂದರು. ಮೊದಲು ಪರಿಚಯ ಆಗಲಿ ಎಂದು ಅಡಿವೆಯ್ಯ ಶುರು ಮಾಡಿದರು. ಒಂಬತ್ತನೆಯ ಹೆಸರಿನ ಹೊತ್ತಿಗೆ ಚಹಾ ಮುಗಿಯಿತು. ಪತ್ರ ಕೊಟ್ಟರೆ ಕಂಟ್ರೋಲರ್ ಹಿಂದೆ ಮುಂದೆ ತಿರುಗಿಸಿ, “ಇದ್ರಾಗ ವಿಷಯ ಎಲ್ಲೈತಿ?” ಎಂದರು.

“ಏಳೂ ನಲವತ್ತರ ಬಸ್ ನಮ್ಮ ತಾಂಡಾಕ್ಕ ನಿಲ್ಲವಲ್ದು. ಹುಡುಗಿ ಕಾಲೇಜ್ ತಪ್ಪತೈತಿ,” ಎಂದರು ದ್ವಾರಕಾಬಾಯಿ.

ಕಂಟ್ರೋಲರ್ ಬರೆದುಕೊಂಡರು. “ಸ್ಟಾಪ್ ಕಲ್ಲ್ ಹೋಗೈತಿ, ಹೊಸಾ ಡ್ರೈವರಗ ಗೊತ್ತಿಲ್ಲ. ನಾಳಿಂದ ನಿಲ್ಲತೈತಿ. ಇಷ್ಟಕ್ಕ ಇಷ್ಟು ಮಂದಿ ಯಾಕ್ ಬಂದ್ರಿ? ನೀವೊಬ್ಬರs ಬಂದು ಹೇಳಬಾರದಿತ್ತಾ?”

“ನನಗ ಸಂಘಟನಾ ಐತಲ್ರಿ,” ಎಂದರು ದ್ವಾರಕಾಬಾಯಿ.

ಮರುದಿನ ಬೆಳಗ್ಗೆ ತಾಂಡಾದ ಮುಂದೆ ಹದಿಮೂರು ವಾಹನ ನಿಂತವು. ನಲವತ್ತೊಂದು ಜನ ಬಿಳಿ ಅಂಗಿ ತೊಟ್ಟು ರಸ್ತೆಬದಿ ಸಾಲಾಗಿ ನಿಂತರು. ಬಸ್ಸು ನಿಂತಿತು. ರೀನಾ ಹತ್ತಿದಳು. ಅಡಿವೆಯ್ಯ ನಡಾವಳಿ ಪುಸ್ತಕ ತೆರೆದರು.

“ಇವತ್ತು ನಿಮ್ಮನ್ನ ನೋಡಿ ನಿಂತೈತಿ,” ಎಂದರು ದ್ವಾರಕಾಬಾಯಿ. “ಇಷ್ಟು ಮಂದಿ ನಿಂತ್ರ ವಿಮಾನನೂ ನಿಲ್ಲತೈತಿ. ನೀವು ಇಲ್ಲದಾಗ ನಿಲ್ಲಲಿ.”

ನೋಂದಣಿ ಕಚೇರಿಗೆ ಪಟ್ಟಿ ಮುಟ್ಟಿಸಲು ಮಂಗಳವಾರವೇ ಕೊನೆಯ ದಿನ. ಮಂಗಳವಾರ ವಾಹನಗಳು ಇಂದೂರಿನಲ್ಲೇ ಉಳಿದವು. ರಾಷ್ಟ್ರೀಯ ನಾಯಕತ್ವ ತಾಂಡಾದ ಎರಡು ಹುಲ್ಲಿನ ಬಣವೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿತು. ಮೊಣಕಾಲು ನೋವಿನವರೂ ಕೂತರು. ಆಡೊಂದು ಗೋವಾ ಉಸ್ತುವಾರಿಯ ಟೋಪಿ ಮೂಸುತ್ತಿತ್ತು. ಅವರು ಸೀನು ತಡೆದುಕೊಂಡರು.

ಏಳೂ ನಲವತ್ಮೂರಕ್ಕೆ ಬಸ್ಸು ಬಂತು. ರಸ್ತೆಯಲ್ಲಿ ರೀನಾ ಒಬ್ಬಳೇ ಇದ್ದಳು. ಬಸ್ಸು ನಿಂತಿತು.

ಅದು ತಿರುವು ದಾಟುವವರೆಗೂ ಮನೆ ಬಾಗಿಲಲ್ಲಿ ನೋಡುತ್ತ ನಿಂತಿದ್ದು, ದ್ವಾರಕಾಬಾಯಿ ಬಣವೆಯ ಕಡೆ ತಿರುಗಿ ಬಲಗೈ ಎತ್ತಿದರು. ಅಡಿವೆಯ್ಯ ಲಗಮಪ್ಪನ ಬೆನ್ನ ಮೇಲೆ ಪುಸ್ತಕವಿಟ್ಟು ಬರೆದರು: ‘ಮಹಾಸಭೆಯು ಸರ್ವಾನುಮತದಿಂದ ಅಂಗೀಕರಿಸಿತು.’

ಫೆಬ್ರವರಿಯಲ್ಲಿ ಹಾಜರಿ ಎಪ್ಪತ್ತೈದು ದಾಟಿ ರೀನಾಳಿಗೆ ಹಾಲ್ ಟಿಕೆಟ್ ಬಂತು. ಅದೇ ವಾರ ತಾಂಡಾದ ಆರು ಮಂದಿ ಹೆಂಗಸರು ಬೀದಿದೀಪದ ದೂರು ಹಿಡಿದು ಚನಬಸಪ್ಪನವರ ಅಂಗಡಿಗೆ ಹೋದರು. ತಮ್ಮನ್ನೂ ಸಾಮಾನ್ಯ ಸದಸ್ಯರನ್ನಾಗಿ ಮಾಡಬೇಕೆಂದು ಕೇಳಿದರು.

“ಸದಸ್ಯರ ಜಾಗಾ ಖಾಲಿ ಇಲ್ರವ್ವಾ,” ಎಂದರು ಚನಬಸಪ್ಪ ಎರಡೂ ಕೈ ಜೋಡಿಸಿ. “ಉಪಾಧ್ಯಕ್ಷಿ ಬೇಕಾದ್ರ ಆಗ್ರಿ. ಆರೂ ಮಂದಿ ಆಗ್ರಿ.”